ಯಾರಿಗೆ ಸಾಂಬಾರು?

ಐದು ಮಕ್ಕಳಲ್ಲಿ ಅವರು ಕೊನೆಯವರು. ಕಾರ್ಕಳದ ಆಚೆಯ ಆ ಮನೆಯಲ್ಲಿ ಅವರನ್ನು ಅಣ್ಣ ಎಂದು ಕರೆಯುವವರು ಒಬ್ಬರೂ ಇರಲಿಲ್ಲ. ಶಹಾಡಿಗೆ ಬಂದ ಮೇಲೆ ಊರಿಗೆ ಊರೇ ಅವರನ್ನು ‘ಅಣ್ಣಾ’ ಎಂದಿತು. ರೇಯಾನ್ ಕಾರ್ಖಾನೆಯ ಮರಾಠಿ ಕಾರ್ಮಿಕರು, ಉಲ್ಹಾಸನಗರದ ಸಿಂಧಿ ವ್ಯಾಪಾರಿಗಳು, ಟಿಟ್ವಾಳಾ ಲೋಕಲ್ ಹಿಡಿಯಲು ಓಡುವ ಶಾಲಾ ಮಾಸ್ತರರು, ಕೊನೆಗೆ ಅವರಿಗಿಂತ ಇಪ್ಪತ್ತು ವರ್ಷ ಹಿರಿಯರೂ. ಮುಂಬೈ ಸೀಮೆಯಲ್ಲಿ ದೋಸೆ ಎರೆಯುವ ಕೈಗೆ ಇನ್ನೊಂದು ಹೆಸರಿಲ್ಲ.

ಹೋಟೆಲಿನ ಬೋರ್ಡಿನ ಮೇಲೆ ‘ಉಡುಪಿ’ ಎಂದಿದೆ. ಅವರು ಉಡುಪಿಯವರೂ ಅಲ್ಲ. ಶ್ರೀಕೃಷ್ಣ ಮಠವನ್ನು ಅವರು ಮೊದಲ ಸಲ ನೋಡಿದ್ದು ಮುಂಬೈಯಲ್ಲಿ ಎಂಟು ವರ್ಷ ದುಡಿದು ರಜೆಯಲ್ಲಿ ಊರಿಗೆ ಹೋದಾಗ. ಕನಕನ ಕಿಂಡಿಯ ಮುಂದೆ ನಿಂತು, ‘ಓ, ನಮ್ಮ ಬೋರ್ಡಿನ ದೇವರು ಇವನೇ’ ಎಂದುಕೊಂಡರಂತೆ. ಇದನ್ನು ಅವರು ನಗುತ್ತಲೇ ಹೇಳುತ್ತಾರೆ. ಆದರೆ ಕಳೆದ ವರ್ಷ ಮೊಮ್ಮಗಳು ಅದೇ ಮಾತನ್ನು ಬೇರೆ ರೀತಿಯಲ್ಲಿ ಹೇಳಿದಾಗ ಅವರಿಗೆ ನಗು ಬರಲಿಲ್ಲ.

ಮೊಮ್ಮಗಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಾಳೆ. ಮೊದಲ ವರ್ಷವಿಡೀ ಫ್ರೆಂಚ್ ಅಡುಗೆಯ ಅಡಿಪಾಯ ಹಾಕಿದರು. ಈರುಳ್ಳಿ, ಕ್ಯಾರೆಟ್ ಹೆಚ್ಚುವ ಬಗೆಗಳಿಗೂ ಫ್ರೆಂಚ್ ಹೆಸರು. ಎರಡನೆಯ ವರ್ಷ ಭಾರತದ ಪ್ರಾಂತೀಯ ಅಡುಗೆ ಬಂತು. ಒಂದು ಖಾದ್ಯದ ‘ಸ್ಟ್ಯಾಂಡರ್ಡ್ ರೆಸಿಪಿ’ ಬರೆದು ತರಬೇಕಾಗಿತ್ತು. ಅವಳು ಸಾಂಬಾರನ್ನು ಆರಿಸಿಕೊಂಡಳು. ಮನೆಯಲ್ಲೇ ಸಾಂಬಾರಿನ ಅಜ್ಜ ಇರುವಾಗ ಇನ್ನೇನು ಕಷ್ಟ? ಕಾಗದ, ಪೆನ್ನು ಹಿಡಿದು ಗಲ್ಲಾದ ಪಕ್ಕ ಬಂದು ಕೂತಳು.

“ಅಜ್ಜ, ಸಾಂಬಾರು ಹತ್ತು ಜನರಿಗೆ. ಎಲ್ಲ ಗ್ರಾಂ ಲೆಕ್ಕದಲ್ಲಿ ಹೇಳಬೇಕು.”

“ಯಾರಿಗೆ ಸಾಂಬಾರು?”

“ಹೇಳಿದೆನಲ್ಲ, ಹತ್ತು ಜನರಿಗೆ.”

“ಎಷ್ಟು ಜನ ಅಂತ ಕೇಳಿದ್ದಲ್ಲ ಮಾರಾಯ್ತಿ. ಯಾರು ಅಂತ ಕೇಳಿದ್ದು.”

ಅವಳಿಗೆ ಇದು ಅಜ್ಜನ ತಮಾಷೆ ಅನ್ನಿಸಿತು. ಆದರೆ ಶಹಾಡಿನಲ್ಲಿ ಐವತ್ತು ವರ್ಷ ಹೋಟೆಲು ನಡೆಸಿದವರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇಲ್ಲ.

ಶಹಾಡ್ ಎಂದರೆ ಕಲ್ಯಾಣ ದಾಟಿ ಕಸಾರಾ ಕಡೆ ಹೋಗುವ ಹಳಿಯ ಮೊದಲ ನಿಲ್ದಾಣ. ಒಂದು ಕಡೆ ಉಲ್ಹಾಸ್ ನದಿ, ಇನ್ನೊಂದು ಕಡೆ ಉಲ್ಹಾಸನಗರ. 1947ರ ವಿಭಜನೆಯ ನಂತರ ಕಲ್ಯಾಣದ ಹಳೆಯ ಮಿಲಿಟರಿ ಶಿಬಿರಗಳಲ್ಲಿ ಸಿಂಧಿ ನಿರಾಶ್ರಿತರನ್ನು ಇಳಿಸಿದರು. 1949ರಲ್ಲಿ ಆ ಶಿಬಿರಗಳಿಗೆ ಉಲ್ಹಾಸನಗರ ಎಂಬ ಹೆಸರಾಯಿತು. ಐವತ್ತರ ದಶಕದಲ್ಲಿ ಬಿರ್ಲಾ ಬಳಗದ ಸೆಂಚುರಿ ರೇಯಾನ್ ಕಾರ್ಖಾನೆ ಬಂತು, ಅದರೊಂದಿಗೆ ಪಾಳಿಗಳು ಬಂದವು. ಪಾಳಿ ಬಂದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾಗುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾದಲ್ಲಿ ತುಳುನಾಡಿನ ಯಾರಾದರೂ ಒಬ್ಬರು ಹೋಟೆಲು ತೆರೆದಿರುತ್ತಾರೆ.

ಬೆಳಿಗ್ಗೆ ಮೊದಲು ಬರುತ್ತಿದ್ದವರು ರಾತ್ರಿ ಪಾಳಿ ಬಿಟ್ಟವರು. ಅವರಿಗೆ ವಡೆಯ ಮೇಲೆ ಖಾರದ ಸಾಂಬಾರು, ಕಣ್ಣು ಬಿಡಿಸುವಷ್ಟು ಖಾರ. ಒಂಬತ್ತರ ನಂತರ ಅಂಗಡಿ ತೆರೆಯುವ ಮುನ್ನ ಸಿಂಧಿ ಗಿರಾಕಿಗಳು. ಅವರಿಗೆ ಟೊಮೆಟೊ ಜಾಸ್ತಿ, ಹುಳಿ ಜಾಸ್ತಿ, ಸ್ವಲ್ಪ ಮಂದ. ಸಂಜೆ ಮಕ್ಕಳನ್ನು ಕರೆದುಕೊಂಡು ಬರುವ ಸಂಸಾರಗಳಿಗೆ, ಅದರಲ್ಲೂ ಗುಜರಾತಿ ಮನೆಗಳಿಗೆ, ಬೆಲ್ಲ ಮುಂದೆ, ಮೆಣಸು ಹಿಂದೆ. ಹೀಗೆ ದಿನಕ್ಕೆ ಮೂರು ಸಾಂಬಾರು. ಆದರೆ ಮೂರು ಸಲ ಬೇಳೆ ಬೇಯಿಸಲು ಯಾರಿಗೆ ಬಿಡುವು? ಬೆಳಗಿನ ಜಾವ ಒಂದೇ ದೊಡ್ಡ ಪಾತ್ರೆಯಲ್ಲಿ ತೊಗರಿಬೇಳೆ, ಕುಂಬಳಕಾಯಿ, ಹುಣಸೆರಸ, ಅರಸಿನ, ಉಪ್ಪು. ಅದು ತಾಯಿ ಪಾತ್ರೆ. ಹೊತ್ತು ನೋಡಿ, ಗಿರಾಕಿಯ ಮುಖ ನೋಡಿ ಅದರಿಂದ ತೋಡಿ ಬೇರೆ ಒಗ್ಗರಣೆ, ಬೇರೆ ಪುಡಿ, ಬೇರೆ ಬೆಲ್ಲ.

“ತಾಯಿ ಪಾತ್ರೆ!” ಎಂದು ಮೊಮ್ಮಗಳು ಪೆನ್ನು ಕೆಳಗಿಟ್ಟಳು. “ಅಜ್ಜ, ಇದು ಮದರ್ ಸಾಸ್.”

ಫ್ರೆಂಚ್ ಅಡುಗೆಯಲ್ಲಿ ಐದು ತಾಯಿ ಸಾಸ್‌ಗಳನ್ನು ಹೇಳಿಕೊಡುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾರೆಮ್ ಎಂಬ ಬಾಣಸಿಗ ಆ ಕ್ರಮವನ್ನು ಕಟ್ಟಿದ. ಎಸ್ಕಾಫಿಯೆ 1903ರ ತನ್ನ ಪುಸ್ತಕದಲ್ಲಿ ಅದನ್ನು ತಿದ್ದಿ ಗಟ್ಟಿ ಮಾಡಿದ. ಮೈದಾವನ್ನು ಬೆಣ್ಣೆಯಲ್ಲಿ ಹುರಿದು ಹಾಲು ಬೆರೆಸಿದರೆ ಬೆಶಮೆಲ್. ಅದಕ್ಕೆ ಚೀಸ್ ಸೇರಿದರೆ ಅದರ ಮಗಳು, ಮೊರ್ನೆ. ಆ ಮಗಳನ್ನು ಮ್ಯಾಕರೋನಿಯ ಮೇಲೆ ಸುರಿದರೆ ಅಮೆರಿಕದ ಮಕ್ಕಳು ತಮ್ಮದೇ ಮನೆಯಡುಗೆ ಎಂದು ತಿಳಿದಿರುವ ಮ್ಯಾಕರೋನಿ–ಚೀಸ್. ಯಾವ ಅಡುಗೆಯೂ ಒಂದು ದೇಶದಿಂದ ಇನ್ನೊಂದಕ್ಕೆ ಇಡಿಯಾಗಿ ಹೋಗುವುದಿಲ್ಲ. ತಾಯಿ ಪಾತ್ರೆ ಹೋಗುತ್ತದೆ, ಒಗ್ಗರಣೆಯನ್ನು ಆ ಊರಿನವರು ಹಾಕಿಕೊಳ್ಳುತ್ತಾರೆ.

ಅಜ್ಜನಿಗೆ ಬೆಶಮೆಲ್ ಮೇಲೆ ಅಂಥ ಗೌರವವೇನೂ ಹುಟ್ಟಲಿಲ್ಲ. “ಮೈದಾ ಗಂಜಿ” ಎಂದರು. ಆದರೆ ತಮ್ಮ ಕೆಲಸಕ್ಕೂ ಒಂದು ಶಾಸ್ತ್ರ ಇರಬಹುದೆಂದು ಆ ದಿನ ಅವರ ಮುಖ ಸ್ವಲ್ಪ ಅರಳಿತ್ತು. ಅಷ್ಟರಲ್ಲೇ ಅವಳು ಆ ಇನ್ನೊಂದು ಮಾತು ಹೇಳಿಬಿಟ್ಟಳು.

“ಆದರೆ ಅಜ್ಜ, ಇದು ಉಡುಪಿ ಸಾಂಬಾರೇ ಅಲ್ಲ. ಮೇ ತಿಂಗಳಲ್ಲಿ ಮಠದಲ್ಲಿ ಉಂಡೆವಲ್ಲ, ಅದು ಬೇರೆಯೇ ಇತ್ತು. ತೆಂಗಿನಕಾಯಿ ಅರೆದು ಹಾಕಿದ್ದರು, ಈರುಳ್ಳಿಯೇ ಇರಲಿಲ್ಲ. ಅಸೈನ್‌ಮೆಂಟಲ್ಲಿ ಇದನ್ನು ಏನಂತ ಬರೆಯಲಿ? ಡುಪ್ಲಿಕೇಟ್ ಅಂತಾರೆ.”

ಅಜ್ಜ ಏನೂ ಹೇಳಲಿಲ್ಲ. ಗಲ್ಲಾದ ಖಾನೆ ಎಳೆದು ಚಿಲ್ಲರೆ ಎಣಿಸತೊಡಗಿದರು. ಮಾತಿಗೆ ಮನಸ್ಸಿಲ್ಲದಾಗ ಅವರು ಮಾಡುವುದೇ ಹಾಗೆ.

ಈ ಆರೋಪ ಹೊಸದಲ್ಲ. ಊರಿನಿಂದ ಬಂದ ನೆಂಟರೆಲ್ಲ ಮುಂಬೈಯ ಉಡುಪಿ ಹೋಟೆಲುಗಳ ಬಗ್ಗೆ ಇದನ್ನೇ ಹೇಳುತ್ತಾರೆ. ಇಲ್ಲಿಯ ‘ಮೈಸೂರು ಮಸಾಲಾ’ವನ್ನು ನೋಡಿದರೆ ಮೈಸೂರಿನವರು ಬೆಚ್ಚಿಬೀಳುತ್ತಾರೆ. ಕೆಂಪು ಚಟ್ನಿಯವರೆಗೆ ಸರಿ. ಅದರ ಮೇಲೆ ಬೆಣ್ಣೆ, ಹೆಚ್ಚಿದ ತರಕಾರಿ, ಬೀಟ್‌ರೂಟ್, ಕೆಲವು ಕಡೆ ಪಾವ್‌ಭಾಜಿಯ ಮಸಾಲೆ, ಎಲ್ಲವನ್ನೂ ಕಾವಲಿಯ ಮೇಲೆಯೇ ಸಟ್ಟುಗದಿಂದ ಜಜ್ಜಿ ಹರಡುತ್ತಾರೆ. ನಾವು ಉದ್ದಿನ ವಡೆ ಎನ್ನುವುದು ಇಲ್ಲಿ ‘ಮೆದುವಡಾ’. ಮೆದು ಎಂಬ ನಮ್ಮ ಮಾತು ಮರಾಠಿ, ಹಿಂದಿ, ಗುಜರಾತಿ ಬಾಯಲ್ಲಿ ದಿನವೂ ಓಡಾಡುತ್ತಿದೆ, ಅರ್ಥ ಗೊತ್ತಿಲ್ಲದೆ. ಮರಾಠಿ ಮನೆಗಳಲ್ಲಿ ‘ಉಪ್ಪೀಟ್’ ಇದೆ. ಅದು ಕನ್ನಡದ ಉಪ್ಪಿಟ್ಟೇ. ‘ಉಡಪ್ಯಾಕಡೆ ಜಾವೂ’ ಎಂದು ಇಲ್ಲಿಯವರು ಹೇಳಿದರೆ ಉಡುಪಿಗೆ ಹೋಗೋಣ ಎಂದಲ್ಲ, ಬೀದಿ ತಿರುವಿನ ಹೋಟೆಲಿಗೆ ಹೋಗೋಣ ಎಂದು. ಒಂದು ಊರಿನ ಹೆಸರು ಒಂದು ಬಗೆಯ ಅಂಗಡಿಯ ಹೆಸರಾಗಿ ಹೋಗಿದೆ.

ಅದು ಆದದ್ದು ಹೇಗೆ ಎಂಬುದಕ್ಕೆ ಮಾಟುಂಗಾ ಸಾಕ್ಷಿ. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ನಿಲ್ದಾಣದ ಎದುರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದರು. ಬಾಳೆ ಎಲೆಯ ಊಟ. ಅಷ್ಟಮಠಗಳ ಪಾಕಶಾಲೆಯ ಹೆಸರು, ಗೌಡ ಸಾರಸ್ವತರ ಮತ್ತು ಶಿವಳ್ಳಿ ಬ್ರಾಹ್ಮಣರ ಕೈಗುಣ, ಮನೆಯಿಂದ ದೂರವಿದ್ದ ದಕ್ಷಿಣದ ಗುಮಾಸ್ತರ ಹಸಿವು, ಈ ಮೂರೂ ಅಲ್ಲಿ ಸೇರಿದವು. ಹಿಂದೆಯೇ ಬಂಟರು, ಬಿಲ್ಲವರು ಬಂದರು. ಮೇಜು ಒರೆಸುವ ಹುಡುಗರಾಗಿ ಸೇರಿ, ಮಾಣಿಗಳಾಗಿ, ಗಲ್ಲಾದಲ್ಲಿ ಕೂತು, ಕೊನೆಗೆ ತಮ್ಮದೇ ಬೋರ್ಡು ಹಾಕಿದರು. ಬೋರ್ಡಿನ ಮೇಲೆ ಬರೆದದ್ದು ಮಾತ್ರ ಅದೇ ಉಡುಪಿ, ಅದೇ ಶುದ್ಧ ಸಸ್ಯಾಹಾರ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ದಾರಿ ಇದೆ. 1130ರ ಸುಮಾರಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಬರೆಸಿದ. ಅದರ ಅಡುಗೆಯ ಭಾಗದಲ್ಲಿ ‘ಧೋಸಕ’ ಇದೆ, ‘ಇಡ್ಡರಿಕಾ’ ಇದೆ. ಆ ಕಲ್ಯಾಣ ಇಂದಿನ ಬಸವಕಲ್ಯಾಣ. ದೋಸೆಯ ಹೆಸರು ದಾಖಲಾದ ಆ ಕಲ್ಯಾಣದಿಂದ ಶಹಾಡಿನ ಪಕ್ಕದ ಈ ಕಲ್ಯಾಣಕ್ಕೆ ದೋಸೆ ಬರಲು ಎಂಟುನೂರು ವರ್ಷ ಬೇಕಾಯಿತು. ಅಷ್ಟು ನಡೆದುಬಂದ ಮೇಲೆ ಕಾಲಿಗೆ ಒಂದಿಷ್ಟು ಧೂಳು ಹತ್ತಿದ್ದರೆ ಅದನ್ನು ಡುಪ್ಲಿಕೇಟ್ ಎನ್ನಬೇಕೆ?

ಆದರೆ ಅಜ್ಜನ ನೋವು ಇತಿಹಾಸದ್ದಲ್ಲ, ತೆಂಗಿನಕಾಯಿಯದು.

ಅವರು ಮುಂಬೈಗೆ ಬಂದಾಗ ಹನ್ನೆರಡು ವರ್ಷ. ಘಟ್ಟ ಹತ್ತಿ ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ರೈಲು. ಕೊಂಕಣ ರೈಲು ಬಂದದ್ದು 1998ರಲ್ಲಿ, ಅಷ್ಟರಲ್ಲಿ ಅವರ ಅರ್ಧ ಆಯುಸ್ಸು ಶಹಾಡಿನಲ್ಲಿ ಕಳೆದಿತ್ತು. ಮೊದಲ ಕೆಲಸ ಮಾಟುಂಗಾ ಕಡೆಯ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದು. ಆಮೇಲೆ ಮೇಜು ಒರೆಸುವುದು. ರಾತ್ರಿ ಕನ್ನಡ ಶಾಲೆ. ಆ ಕಾಲದ ಹೋಟೆಲ್ ಹುಡುಗರಿಗೆ ಮುಂಬೈಯ ಕನ್ನಡ ರಾತ್ರಿಶಾಲೆಗಳೇ ತಾಯಿ ಮನೆ. ನಿದ್ದೆಯಲ್ಲಿ ತೂಗುತ್ತಲೇ ಅವರು ಏಳನೆಯ ತರಗತಿ ಮುಗಿಸಿದರು, ದುಂಡಗೆ ಬರೆಯುವುದನ್ನು ಕಲಿತರು.

ಅಡುಗೆಮನೆಗೆ ಬಡ್ತಿ ಸಿಕ್ಕಿದಾಗ ಹಿರಿಯ ಭಟ್ಟರೊಬ್ಬರು ಮೊದಲು ಹೇಳಿಕೊಟ್ಟದ್ದು ಸಾಂಬಾರಿಗೆ ಕಾಯಿ ಹಾಕಬಾರದು ಎಂದು. ಮನೆಯಲ್ಲಿ ಅಮ್ಮ ಮಾಡುತ್ತಿದ್ದ ಕೊದ್ದೆಲಿಗೆ ಕಾಯಿಯೇ ಜೀವ. ಕೊತ್ತಂಬರಿ, ಬ್ಯಾಡಗಿ ಮೆಣಸು, ಜೀರಿಗೆ, ಮೆಂತೆ ಹುರಿದು ಕಾಯಿಯೊಂದಿಗೆ ನುಣ್ಣಗೆ ಅರೆಯಬೇಕು. “ಕಾಯಿ ಅರೆದು ಹಾಕಿದ್ದು ಮಧ್ಯಾಹ್ನದೊಳಗೆ ಹಳಸುತ್ತದೆ ಮಾರಾಯ. ಇಲ್ಲಿ ಸಾಂಬಾರು ರಾತ್ರಿ ಹನ್ನೊಂದರವರೆಗೆ ನಿಲ್ಲಬೇಕು. ಕಾಯಿಗೆ ಇಲ್ಲಿ ಎಷ್ಟು ರೇಟು ಗೊತ್ತುಂಟಾ?” ಭಟ್ಟರು ಹೇಳಿದ್ದು ಲೆಕ್ಕದ ಮಾತು. ಹುಡುಗ ತಲೆಯಾಡಿಸಿದ. ಅಂದಿನಿಂದ ಅವರು ಮಾರಿದ ಯಾವ ಸಾಂಬಾರಿನಲ್ಲೂ ಕಾಯಿ ಇಲ್ಲ.

ಅರವತ್ತರ ದಶಕದ ಕೊನೆಯಲ್ಲಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. 1966ರಲ್ಲಿ ಹುಟ್ಟಿದ ಶಿವಸೇನೆಯ ಮೊದಲ ಸಿಟ್ಟು ದಕ್ಷಿಣದವರ ಮೇಲೆ. ‘ಲುಂಗಿ ಹಟಾವೋ’ ಎಂಬ ಕೂಗು ಬೀದಿಯಲ್ಲಿತ್ತು. ಅವರಾಗ ಹದಿನೆಂಟರ ಹುಡುಗ. ಒಂದು ಸಂಜೆ ಶಟರ್ ಅರ್ಧ ಇಳಿಸಿ ಒಳಗೆ ಕೂತಿದ್ದರು. ಕಲ್ಲೊಂದು ಬಂದು ಗಾಜಿನ ಕಪಾಟು ಒಡೆಯಿತು. ಮೈಸೂರ್‌ಪಾಕಿನ ತಟ್ಟೆಯ ತುಂಬ ಗಾಜಿನ ಚೂರು. ಮರುದಿನ ಬೆಳಿಗ್ಗೆ ಆರಕ್ಕೆ ಶಟರ್ ಎತ್ತಿದರು. ಏಳು ಗಂಟೆಗೆ ಎಂದಿನ ಮರಾಠಿ ಗಿರಾಕಿಗಳು ಬಂದು ಎಂದಿನ ಇಡ್ಲಿ ತಿಂದರು. ಯಾರೂ ಆ ಮಾತು ಎತ್ತಲಿಲ್ಲ. ಒಬ್ಬ ವಯಸ್ಸಾದವರು ಮಾತ್ರ ಬಿಲ್ಲಿನ ಮೇಲೆ ಎಂಟಾಣೆ ಜಾಸ್ತಿ ಇಟ್ಟು, ‘ಗಾಜಿಗೆ’ ಎಂದು ಹೋದರು. ಆ ಎಂಟಾಣೆಯನ್ನು ಯಜಮಾನರು ಗಲ್ಲಾಕ್ಕೆ ಹಾಕಲಿಲ್ಲ, ದೇವರ ಪಟದ ಮುಂದೆ ಇಟ್ಟರು.

ಶಹಾಡಿನಲ್ಲಿ ಹೋಟೆಲು ತೆರೆದಾಗ ಈ ಎರಡೂ ನೆನಪು ಅವರೊಂದಿಗೆ ಬಂದವು. ಭಟ್ಟರ ಲೆಕ್ಕ, ಗಾಜಿನ ಎಂಟಾಣೆ. ಗಿರಾಕಿ ಕೇಳಿದ್ದನ್ನು ಕೊಡುವುದು ಅವರಿಗೆ ವ್ಯಾಪಾರವೂ ಆಗಿತ್ತು, ಊರಿನಲ್ಲಿ ಕಾಲೂರಲು ಕಟ್ಟುವ ಬಾಡಿಗೆಯೂ ಆಗಿತ್ತು. ಮಿಸಳ್ ಕೇಳಿದರೆ ಮಿಸಳ್, ಪಾವ್‌ಭಾಜಿ ಕೇಳಿದರೆ ಅದೇ ಕಾವಲಿಯ ಮೇಲೆ ಪಾವ್‌ಭಾಜಿ. ಏಕಾದಶಿಗೆ ಸಾಬೂದಾಣಾ ಖಿಚಡಿ. ಬಟಾಟಾವಡೆಗೆ ಸಾಂಬಾರು ಸುರಿದು ಕೊಡಿ ಎಂದರೆ ಅದೂ ಸರಿ. ಈ ಕೊಡು–ಕೊಳ್ಳುವಿಕೆ ಒಂದೇ ದಿಕ್ಕಿನದಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಮನೆಯಲ್ಲಿ ದಾಲ್–ಪಕ್ವಾನ್ ಮಾಡುತ್ತಿದ್ದ ಸಿಂಧಿಗಳೂ ಇಡ್ಲಿ ಪಾತ್ರೆ ಕೊಂಡರು. ಈಗ ಇಲ್ಲಿಯ ಡೇರಿ ಅಂಗಡಿಗಳಲ್ಲಿ ಹಾಲು ಮೊಸರಿನ ಪಕ್ಕ ಇಡ್ಲಿ ಹಿಟ್ಟಿನ ಪ್ಯಾಕೆಟ್ಟು ಇರುತ್ತದೆ. ಹೋಟೆಲಿನಿಂದ ಮನೆಯ ಒಲೆಗೆ ಹೋದ ತಿಂಡಿ ಮತ್ತೆ ಹೊರಗಿನದಾಗುವುದಿಲ್ಲ.

ಅಮೆರಿಕದಲ್ಲಿ ಫ್ರೆಂಚ್ ಅಡುಗೆಗೂ ಆದದ್ದು ಇದೇ. ಶ್ರೀಮಂತರ ಹೋಟೆಲುಗಳಲ್ಲಿ ಅದು ಹತ್ತೊಂಬತ್ತನೆಯ ಶತಮಾನದಲ್ಲೇ ಇತ್ತು. ಮನೆಗೆ ಬಂದದ್ದು ಬಹಳ ತಡವಾಗಿ. ಪ್ಯಾರಿಸ್ಸಿನಲ್ಲಿ ಅಡುಗೆ ಕಲಿತ ಜೂಲಿಯಾ ಚೈಲ್ಡ್ ಇಬ್ಬರು ಫ್ರೆಂಚ್ ಗೆಳತಿಯರೊಂದಿಗೆ ಬರೆದ ಪುಸ್ತಕ 1961ರಲ್ಲಿ ಬಂತು. 1963ರಿಂದ ಬಾಸ್ಟನ್ನಿನ ಟಿವಿಯಲ್ಲಿ ಆಕೆ ಕೈಜಾರಿ ಬಿದ್ದದ್ದನ್ನೂ ಎತ್ತಿ ಹಾಕುತ್ತ, ನಗುತ್ತ ಅಡುಗೆ ಮಾಡಿ ತೋರಿಸಿದಳು. ಆ ಪುಸ್ತಕ ಬರೆದದ್ದು ಆಳುಕಾಳುಗಳಿಲ್ಲದ ಮನೆಯ ಹೆಂಗಸರಿಗೆ, ಅಮೆರಿಕದ ಅಂಗಡಿಯಲ್ಲಿ ಸಿಗುವ ಸಾಮಾನಿಗೆ. ಅಂದರೆ ಆಕೆಯೂ ಮೊದಲು ಕೇಳಿದ್ದು ಅದೇ ಪ್ರಶ್ನೆ: ಯಾರಿಗೆ?

ಆಷಾಢ ಏಕಾದಶಿಯ ದಿನ ಮೊಮ್ಮಗಳು ಮತ್ತೆ ಬಂದಳು. ಶಹಾಡಿನ ಬಿರ್ಲಾ ಮಂದಿರದಲ್ಲಿರುವುದು ವಿಠ್ಠಲ. ಪಂಢರಪುರಕ್ಕೆ ಹೋಗಲಾಗದವರೆಲ್ಲ ಅಂದು ಅಲ್ಲಿ ಸಾಲು ನಿಲ್ಲುತ್ತಾರೆ. ಉಪವಾಸದವರು ಅಕ್ಕಿ ಮುಟ್ಟುವುದಿಲ್ಲ. ಹೀಗಾಗಿ ವರ್ಷದಲ್ಲಿ ಅದೊಂದು ದಿನ ಅವರ ಹೋಟೆಲಿನಲ್ಲಿ ದೋಸೆ, ಇಡ್ಲಿ ಇಲ್ಲ. ಹಿಂದಿನ ರಾತ್ರಿ ಅಕ್ಕಿ ನೆನೆಹಾಕುವುದೇ ಇಲ್ಲ. ಉಡುಪಿ ಹೋಟೆಲಿನಲ್ಲಿ ದಿನವಿಡೀ ಸಾಬೂದಾಣಾ, ಆಲೂಗಡ್ಡೆ, ಶೇಂಗಾ. ಸಂತ ಜ್ಞಾನೇಶ್ವರರ ಅಭಂಗವೊಂದು ಆ ವಿಠ್ಠಲನನ್ನು ಕನ್ನಡದವನು ಎಂದು ಕರೆಯುತ್ತದೆ. ಬಂದವನು ಮರಾಠಿಗರ ಮನೆದೇವರಾದ. ಅವನನ್ನು ಯಾರೂ ಡುಪ್ಲಿಕೇಟ್ ಎಂದಿಲ್ಲ.

ಮಧ್ಯಾಹ್ನದ ಮಂದ ಹೊತ್ತಿನಲ್ಲಿ ಅವಳು ಸಾಂಬಾರಿನ ಮಾತು ಎತ್ತಲಿಲ್ಲ. ಬೇರೆ ಒಂದು ಕಥೆ ಓದಿದ್ದಳು, ಅದನ್ನು ಹೇಳಿದಳು. ಜೇಮ್ಸ್ ಹೆಮಿಂಗ್ಸ್ ಎಂಬ ಅಡುಗೆಯವನ ಕಥೆ. ಅವನು ಅಮೆರಿಕದ ಥಾಮಸ್ ಜೆಫರ್ಸನ್‌ನ ಗುಲಾಮ. 1784ರಲ್ಲಿ ಜೆಫರ್ಸನ್ ಪ್ಯಾರಿಸ್ಸಿಗೆ ಹೋದಾಗ ಅವನನ್ನೂ ಕರೆದೊಯ್ದು ಫ್ರೆಂಚ್ ಅಡುಗೆ ಕಲಿಸಿದ. ಮರಳಿ ಬಂದ ಮೇಲೆ ಹೆಮಿಂಗ್ಸ್ ಬಿಡುಗಡೆ ಕೇಳಿದ. 1793ರಲ್ಲಿ ಜೆಫರ್ಸನ್ ಒಂದು ಕರಾರು ಬರೆದುಕೊಟ್ಟ: ನೀನು ಕಲಿತದ್ದನ್ನೆಲ್ಲ ಇನ್ನೊಬ್ಬನಿಗೆ ಕಲಿಸು, ಆಮೇಲೆ ನೀನು ಸ್ವತಂತ್ರ. ಹೆಮಿಂಗ್ಸ್ ತನ್ನ ತಮ್ಮ ಪೀಟರ್‌ಗೆ ಕಲಿಸಿದ. 1796ರಲ್ಲಿ ಬಿಡುಗಡೆ ಸಿಕ್ಕಿತು. ತಮ್ಮ ಮಾತ್ರ ಗುಲಾಮನಾಗಿಯೇ ಅದೇ ಅಡುಗೆಮನೆಯಲ್ಲಿ ಉಳಿದ. ಐದು ವರ್ಷದ ನಂತರ, 1801ರಲ್ಲಿ, ಹೆಮಿಂಗ್ಸ್ ತೀರಿಕೊಂಡ. ಫ್ರೆಂಚ್ ರುಚಿಯನ್ನು ಅಮೆರಿಕಕ್ಕೆ ತಂದವನೆಂಬ ಹೆಸರು ಬಹಳ ಕಾಲ ಜೆಫರ್ಸನ್‌ಗೇ ಇತ್ತು, ಒಲೆಯ ಮುಂದೆ ನಿಂತವನಿಗೆ ಅಲ್ಲ.

ಅಜ್ಜ ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತ ಕೇಳುತ್ತಿದ್ದರು. “ತಮ್ಮನನ್ನು ಕೂರಿಸಿ ಅಣ್ಣ ಎದ್ದು ಹೋದದ್ದಾ?” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನಮ್ಮನ್ನು ಯಾರೂ ಕೊಂಡಿರಲಿಲ್ಲ ಮಗಾ. ಹೊಟ್ಟೆಗಿಲ್ಲದೆ ಬಂದದ್ದು, ನಾವಾಗಿ ಬಂದದ್ದು. ಅವನಿಗೂ ನಮಗೂ ಹೋಲಿಕೆ ಹಾಕಬಾರದು” ಎಂದರು. ಆಮೇಲೆ ಕೇಳಿದರು, “ಅವನು ಹೋಗುವಾಗ ಏನು ತಕ್ಕೊಂಡು ಹೋದ?”

“ಏನು ತಗೊಂಡು ಹೋದ ಅಂತ ಗೊತ್ತಿಲ್ಲ. ಏನು ಬಿಟ್ಟು ಹೋದ ಅಂತ ಗೊತ್ತು. ಅಡುಗೆಮನೆಯ ಪಾತ್ರೆಗಳ ಪಟ್ಟಿ ಬರೆದಿಟ್ಟು ಹೋಗಿದ್ದಾನೆ. ಅವನದೇ ಕೈಬರಹ, ಈಗಲೂ ಇದೆ.”

ಆ ದಿನ ಅಜ್ಜನ ಮನಸ್ಸಿನಲ್ಲಿ ಇನ್ನೊಂದು ವಿಷಯ ಓಡುತ್ತಿತ್ತು. ಹೋಟೆಲನ್ನು ‘ಕಂಡಕ್ಟ್’ಗೆ ಕೊಡುವುದೆಂದು ತೀರ್ಮಾನವಾಗಿತ್ತು. ತಿಂಗಳಿಗಿಷ್ಟು ಎಂದು ಮಾತಾಡಿ ನಡೆಸಲು ಇನ್ನೊಬ್ಬರಿಗೆ ವಹಿಸುವುದು ಮುಂಬೈ ಹೋಟೆಲಿನವರ ಹಳೆಯ ಪದ್ಧತಿ. ಮಗ ಐಟಿಯಲ್ಲಿ. ಊರಿನಿಂದ ಈಗ ಹುಡುಗರು ಬರುವುದಿಲ್ಲ, ಅಲ್ಲಿ ಓದಿ ಬೆಂಗಳೂರಿಗೆ ಹೋಗುತ್ತಾರೆ. ಇಲ್ಲಿಯ ಕಾವಲಿಗಳ ಮುಂದೆ ಈಗ ನಿಂತಿರುವವರು ಹೆಚ್ಚಾಗಿ ಉತ್ತರ ಪ್ರದೇಶದವರು, ಒಡಿಶಾದವರು, ನೇಪಾಳದವರು. ಹೋಟೆಲನ್ನು ತೆಗೆದುಕೊಳ್ಳುವವನು ಜೌನ್‌ಪುರದವನು. ಹದಿನೆಂಟು ವರ್ಷದ ಹಿಂದೆ ಮೇಜು ಒರೆಸಲು ಬಂದಿದ್ದ. ಈಗ ಅವನ ಕೈಯ ದೋಸೆ ಅಜ್ಜನ ದೋಸೆಗಿಂತ ತೆಳುವು. ಹಿಡಿಸೂಡಿಯಿಂದ ಕಾವಲಿಗೆ ನೀರು ಹೊಡೆದಾಗ ಏಳುವ ಸದ್ದಿನಲ್ಲೇ ಕಾವು ತಿಳಿಯುತ್ತಾನೆ.

ಅಜ್ಜನಿಗೆ ಒಂದೇ ಅನುಮಾನ ಇತ್ತು. ಬೋರ್ಡು ಬದಲಿಸಬೇಕೇ? ಮೊಮ್ಮಗಳ ಮಾತು ಒಳಗೆ ಕೂತಿತ್ತು. ಉಡುಪಿಯವರಲ್ಲದ ತಾವು, ಉಡುಪಿಯದಲ್ಲದ ಸಾಂಬಾರು, ಈಗ ಉಡುಪಿಯನ್ನೇ ನೋಡದ ಮನುಷ್ಯ. ಅವನನ್ನು ಕರೆದು, “ನಿನ್ನದೇ ಹೆಸರು ಹಾಕಿಕೋ, ನನ್ನ ಅಡ್ಡಿ ಇಲ್ಲ” ಎಂದರು. ಅವನು ಗಾಬರಿಯಾದ. “ಅಣ್ಣಾ, ಉಡುಪಿ ಎಂದಿದ್ದರೆ ಜನ ಒಳಗೆ ಬರುವ ಮೊದಲೇ ಏನು ತಿನ್ನಬೇಕೆಂದು ಗೊತ್ತಿರುತ್ತದೆ. ಬೆಳಿಗ್ಗೆ ಬೇಗ ತೆರೆದಿರುತ್ತದೆ, ಚೊಕ್ಕಟ ಇರುತ್ತದೆ, ಹೆಂಗಸರು ಒಬ್ಬರೇ ಬಂದು ಕೂರಬಹುದು, ನೀರು ಕೇಳದೆ ಬರುತ್ತದೆ. ಆ ಹೆಸರು ತೆಗೆದರೆ ನಾನು ಮೊದಲಿನಿಂದ ಶುರುಮಾಡಬೇಕು.”

ಅಜ್ಜ ಅಷ್ಟು ವರ್ಷ ‘ಉಡುಪಿ’ ಎಂದರೆ ಸಾಂಬಾರೆಂದು ತಿಳಿದಿದ್ದರು. ಹದಿನೆಂಟು ವರ್ಷ ಮೇಜು ಒರೆಸಿದವನು ಹೇಳಿದ ಪಟ್ಟಿಯಲ್ಲಿ ಸಾಂಬಾರೇ ಇರಲಿಲ್ಲ. ಹೊಳೆಯುವ ಮೇಜು, ನಸುಕಿನಲ್ಲಿ ಎತ್ತುವ ಶಟರ್, ಒಬ್ಬಂಟಿ ಹೆಂಗಸಿನ ನೆಮ್ಮದಿ, ಕೇಳದೆ ಬರುವ ನೀರು. ಅವು ಕಾರ್ಕಳದ, ಕುಂದಾಪುರದ ಬಡ ಹುಡುಗರು ನಿದ್ದೆಗೆಟ್ಟು ಕಟ್ಟಿದವು. ಮೊಮ್ಮಗಳು ಅಂದು ಇನ್ನೊಂದು ತಮಾಷೆ ತೋರಿಸಿದಳು: ‘ಉಡುಪಿ ಹೋಟೆಲ್’ ಎಂಬ ಎರಡು ಮಾತಿನಲ್ಲಿ ಒಂದು ತುಳುನಾಡಿನ ಊರು, ಇನ್ನೊಂದು ಇಂಗ್ಲಿಷಿನ ಮೂಲಕ ಬಂದ ಫ್ರೆಂಚ್ ಮಾತು. ಮೆನು, ಆಮ್ಲೆಟ್, ರೆಸ್ಟೋರೆಂಟ್ ಎಲ್ಲ ಅಲ್ಲಿಯವೇ. 

ಬೋರ್ಡು ಹಾಗೆಯೇ ಉಳಿಯಿತು. ಅಜ್ಜ ಅವನ ಹತ್ತಿರ ಒಂದು ಮಾತು ಮಾತ್ರ ತೆಗೆದುಕೊಂಡರು. ಮರುವಾರ ಅವನನ್ನು ಮನೆಗೆ ಕರೆದರು. ಅಜ್ಜಿ ಕಾಯಿ ಅರೆದು ಸೌತೆಕಾಯಿಯ ಕೊದ್ದೆಲ್ ಮಾಡುವುದನ್ನು ನಿಲ್ಲಿಸಿ ತೋರಿಸಿದರು. ಕುಚ್ಚಲಕ್ಕಿ ಅನ್ನದೊಂದಿಗೆ ಬಡಿಸಿದರು. ಅವನು ಎರಡು ಸಲ ಹಾಕಿಸಿಕೊಂಡು ಉಂಡ.

“ಅಣ್ಣಾ, ಇದನ್ನು ಯಾಕೆ ಇಷ್ಟು ವರ್ಷ ಮಾರಲಿಲ್ಲ?”

“ಮಧ್ಯಾಹ್ನದೊಳಗೆ ಹಳಸುತ್ತದೆ. ಮಾರಲಿಕ್ಕಲ್ಲ, ನಿನಗೆ ಗೊತ್ತಿರಲಿ ಅಂತ.”

ಹೋಟೆಲಿನ ಹಿಂದೆ ಚಾಳಿನಲ್ಲಿ ಒಂದು ಕೋಣೆ ಇತ್ತು, ಕೆಲಸದವರು ಮಲಗುವ ಕೋಣೆ. ಅಲ್ಲಿ ಭಾನುವಾರ ರಾತ್ರಿ ಸೀಮೆಎಣ್ಣೆ ಸ್ಟೌವಿನ ಮೇಲೆ ಬಂಗುಡೆ ಸಾರು ಆಗುತ್ತಿತ್ತು. ದಿನವಿಡೀ ಶುದ್ಧ ಸಸ್ಯಾಹಾರ ಬಡಿಸಿದ ಕೈಗಳು ಆಗ ಗಂಜಿಗೆ ಮೀನು ಕಲಸುತ್ತಿದ್ದವು. ತುಳುನಾಡಿನ ಬಹುಪಾಲು ಮನೆಗಳ ಊಟ ಅದು. ಅದು ಬೋರ್ಡಿನ ಮೇಲೆ ಬರಲೇ ಇಲ್ಲ. ಫೋರ್ಟಿನ ಮಂಗಳೂರು ಶೈಲಿಯ ಮೀನಿನ ಹೋಟೆಲುಗಳು ಹೆಸರು ಮಾಡಿದ್ದು ಎಷ್ಟೋ ಆಮೇಲೆ. ಈಗ ಆ ಕೋಣೆಯಲ್ಲಿ ಜೌನ್‌ಪುರದ ಹುಡುಗರು ಬದನೆಕಾಯಿ ಸುಟ್ಟು ಚೋಖಾ ಮಾಡಿಕೊಳ್ಳುತ್ತಾರೆ. ಅದನ್ನೂ ಯಾರೂ ಮಾರುವುದಿಲ್ಲ.

ಮೊಮ್ಮಗಳ ಅಸೈನ್‌ಮೆಂಟು ಕೊನೆಗೂ ಮುಗಿಯಿತು. ಖಾದ್ಯದ ಹೆಸರಿನ ಜಾಗದಲ್ಲಿ ಅವಳು ‘ಶಹಾಡ್ ಸಾಂಬಾರು’ ಎಂದು ಬರೆದಳು. ತಾಯಿ ಪಾತ್ರೆಗೆ ಒಂದು ಅಳತೆ, ಕೆಳಗೆ ಮೂರು ಬೇರೆ ಒಗ್ಗರಣೆ. ಎಷ್ಟು ಅಂಕ ಬಂತೆಂದು ಅಜ್ಜ ಕೇಳಲಿಲ್ಲ.

ಕೀಲಿಕೈ ಕೊಡುವ ಹಿಂದಿನ ರಾತ್ರಿ ಅವರು ಒಂದು ನೋಟ್‌ಬುಕ್ ತರಿಸಿ ಗಲ್ಲಾದಲ್ಲಿ ಕೂತು ಪಟ್ಟಿ ಬರೆದರು. ರಾತ್ರಿಶಾಲೆಯಲ್ಲಿ ಕಲಿತ ದುಂಡನೆಯ ಅಕ್ಷರ. ಕಾವಲಿ ದೊಡ್ಡದು 2. ಇಡ್ಲಿ ಪಾತ್ರೆ 3. ರುಬ್ಬುವ ಮೆಷಿನ್ 2, ಒಂದು ರಿಪೇರಿ. ಸಟ್ಟುಗ 9. ಸಾಂಬಾರಿನ ದೊಡ್ಡ ಪಾತ್ರೆ 1. ಲೋಟ, ತಟ್ಟೆ, ಬೆಂಚು. ಓದುವವನಿಗೆ ಕನ್ನಡ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮೊಮ್ಮಗಳು ಒಂದೊಂದೇ ಅಕ್ಷರ ಕೂಡಿಸಿ ಓದುತ್ತ ಪಕ್ಕದಲ್ಲಿ ಹಿಂದಿಯಲ್ಲಿ ಬರೆದುಕೊಟ್ಟಳು. ಕೊನೆಯ ಸಾಲಿಗೆ ಬಂದು ನಿಂತಳು.

“ಹಿಂದಿನ ಕೋಣೆಯ ಮಣ್ಣಿನ ಪಾತ್ರೆ 1. ಕೊಡಲಿಕ್ಕಿಲ್ಲ.” ಅವಳು ತಲೆ ಎತ್ತಿದಳು. “ಕೊಡುವುದಿಲ್ಲ ಅಂದರೆ ಪಟ್ಟಿಯಲ್ಲಿ ಯಾಕೆ ಬರೆದಿರಿ ಅಜ್ಜ?”

“ಇತ್ತು ಅಂತ ಬರೆದದ್ದು” ಎಂದರು ಅಜ್ಜ.